ಬಾವಿಯಿಂದ ಬದುಕಿ ಬಂದವಳು

ಪೊಲೀಸ್ ಕೇಸು ನೋಡುವ ಡಾಕ್ಟರ್ ಆಗಲು ಎಂಬತ್ತರ ದಶಕದಲ್ಲಿ ಪ್ರತ್ಯೇಕ ಶಾಲೆಯೇನೂ ಇರಲಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಸರ್ಕಾರಿ ಕೆಲಸ ಹಿಡಿಯಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಶವಪರೀಕ್ಷೆ ಕಲಿಯಬೇಕು, ಜೈಲಿನ ಆಸ್ಪತ್ರೆಗೆ ಹಾಕಿದರೆ ಹೋಗಬೇಕು. ಕೋಯಮತ್ತೂರಿನ ಪಕ್ಕದ ಸಿಂಗಾನಲ್ಲೂರಿನಲ್ಲಿ, ಕನ್ನಡ ಮಾತಾಡುವ ನಮ್ಮ ನೇಕಾರರ ಮನೆಯಲ್ಲಿ ಇದು ಯಾರಿಗೂ ಬೇಕಿರಲಿಲ್ಲ. "ಹೆರಿಗೆ ಮಾಡಿಸೋ ಡಾಕ್ಟ್ರಾಗು ಮಗಳೇ, ಹೆಣ ಕೊಯ್ಯೋದು ನಿನಗ್ಯಾಕೆ?" ಎಂದು ಅಮ್ಮ ಅತ್ತಳು.

ಉಡುಮಲೈಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಕಲಿಯುತ್ತಿದ್ದಾಗ ಒಂದು ಪುಟ್ಟ ಹುಡುಗಿಯ ಶವ ಬಂತು. ತಾಯಿ ಮಗುವನ್ನೆತ್ತಿಕೊಂಡು ತೋಟದ ಬಾವಿಗೆ ಹಾರಿದ್ದಳು. ಅವಳನ್ನು ಜನ ಎಳೆದು ಬದುಕಿಸಿದ್ದರು, ಮಗು ಉಳಿಯಲಿಲ್ಲ. ತಾಯಿಯ ಮೇಲೆ ಕೊಲೆ ಕೇಸು. ಹಿರಿಯ ಡಾಕ್ಟರು ಚಾಕುವನ್ನು ನನ್ನ ಕೈಗೇ ಕೊಟ್ಟರು. ಮಗುವಿನ ಮುಷ್ಟಿ ಬಿಗಿದಿತ್ತು. ಬಿಡಿಸಿದರೆ ಒಳಗೆ ನೀಲಿ ಸೀರೆಯ ಚೂರು. ಮುಳುಗುವವರು ಕೊನೆಗೆ ಹಿಡಿದದ್ದನ್ನು ಸತ್ತ ಮೇಲೂ ಬಿಡುವುದಿಲ್ಲ ಎಂದು ಅವರು ವಿವರಿಸಿದರು. ನಾನು ತಲೆಯಾಡಿಸಿದೆ. ಮುಷ್ಟಿಯ ವಿಷಯ ವರದಿಯಲ್ಲಿ ಬರೆದೆ.

ಕೆಲವು ತಿಂಗಳ ನಂತರ ನನ್ನನ್ನು ಕೋಯಮತ್ತೂರಿನಲ್ಲಿ ಜೈಲಿನ ಹೆಂಗಸರ ವಿಭಾಗಕ್ಕೆ ಹಾಕಿದರು. ಅಲ್ಲಿ ಒಬ್ಬ ವಿಚಾರಣಾ ಕೈದಿ ಅನ್ನ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಡ್ರಿಪ್ ಕಿತ್ತೆಸೆಯುತ್ತಿದ್ದಳು. ವಾರ್ಡರಮ್ಮ ತಮಿಳಿನಲ್ಲಿ ಬೈದರೂ ಅಷ್ಟೇ, ಬೇಡಿಕೊಂಡರೂ ಅಷ್ಟೇ. ಒಂದು ದಿನ ಅವಳು ತನ್ನಷ್ಟಕ್ಕೆ ಗೊಣಗಿದ್ದು ಕನ್ನಡ ಎಂದು ತಿಳಿಯಿತು.

"ಯಾವ ಊರಕ್ಕಾ?" ಎಂದೆ.

ಥಟ್ಟನೆ ತಿರುಗಿದಳು. ಊರು ಹೇಳಿದಳು, ಬಾವಿಯನ್ನೂ ಹೇಳಿದಳು. ಆ ಮಗುವಿನ ತಾಯಿ ಇವಳೇ ಎಂದು ತಿಳಿದು ಅವಳ ಮಂಚದ ಅಂಚಿನಲ್ಲೇ ಕೂತೆ.

"ನನ್ನ ಕೂಸನ್ನ ಕೊಯ್ದೋರು ಯಾರು ಅಂತ ಗೊತ್ತಾ ಡಾಕ್ಟ್ರಮ್ಮಾ?"

"ನಾನೇ ಅಕ್ಕಾ."

ಅವಳು ನನ್ನ ಕೈಗಳನ್ನೇ ನೋಡಿದಳು. "ನೋವಾಯ್ತಾ ಅದಕ್ಕೆ?"

"ಜೀವ ಹೋದ ಮೇಲೆ ನೋವಿರಲ್ಲಕ್ಕಾ."

"ಕೊಯ್ಯೋವಾಗ ಅಲ್ಲ. ನೀರಲ್ಲಿ."

"ಸ್ವಲ್ಪ ಹೊತ್ತು," ಎಂದೆ.

"ಆ ಮನೇಲಿ ಬಾಳೋಕಾಗ್ಲಿಲ್ಲ, ಬಿಟ್ಟೋಗೋಕೂ ಮನಸ್ಸಾಗ್ಲಿಲ್ಲ, ಎತ್ಕೊಂಡೇ ಹಾರಿದೆ. ಒಳಗೆ ನಾನು ಬಿಟ್ನಾ, ಅದು ಬಿಡ್ತಾ, ಒಂದೂ ತಿಳೀಲಿಲ್ಲ."

ಕೋರ್ಟಿನಲ್ಲಿ ವಕೀಲರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಲಿ ಎನಿಸಿತು. "ಅದು ಬಿಡಲಿಲ್ಲಕ್ಕಾ. ನಿಮ್ಮ ಸೀರೆ ಚೂರು ಕೈಯಲ್ಲೇ ಇತ್ತು."

ಅವಳು ಹಾಕಿದ ಕೂಗಿಗೆ ವಾರ್ಡರಮ್ಮ ಓಡಿ ಬಂದರು. ಅವಳು ನನ್ನ ತೋಳು ಹಿಡಿದುಕೊಂಡಿದ್ದಳು. ಬಿಡಿಸಲು ಬಂದವರಿಗೆ ನಾನೇ ಬೇಡವೆಂದೆ. ಮಾರನೆಯ ದಿನ ಅರ್ಧ ಲೋಟ ಗಂಜಿ ಕುಡಿದಳು. ಅದು ಬದುಕುವ ಆಸೆಯಿಂದಲೋ, ಸೋತು ಹೋಗಿಯೋ, ನನಗೆ ಇಂದಿಗೂ ತಿಳಿಯದು.

ವಿಚಾರಣೆಯಲ್ಲಿ ನಾನು ಸಾಕ್ಷಿ. ಮುಷ್ಟಿಯ ವಿಷಯ ಹೇಳಿದೆ. "ಹಾಗಾದರೆ ತಾಯಿ ಮಗುವನ್ನು ತಳ್ಳಲಿಲ್ಲ ಅಂತಾಯ್ತಲ್ಲವೆ?" ಎಂದು ಅವಳ ವಕೀಲರು ಆಸೆಯಿಂದ ಕೇಳಿದರು. ಮಗು ಹಿಡಿದಿತ್ತು ಎಂದಷ್ಟೇ ಹೇಳಬಲ್ಲೆ ಎಂದೆ. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲು ನನಗೆ ಅಧಿಕಾರವಿರಲಿಲ್ಲ. ಜೀವಾವಧಿ ಶಿಕ್ಷೆಯಾಯಿತು.

ಹೊರಗೆ ಕರೆದೊಯ್ಯುವಾಗ ಅವಳು ನನ್ನ ಬಳಿ ನಿಂತಳು. "ಕೂಸನ್ನ ಎಲ್ಲಿ ಮಣ್ಣು ಮಾಡಿದ್ರೋ ನಂಗೆ ಯಾರೂ ಹೇಳ್ಲಿಲ್ಲ. ಕೇಳ್ಕೊಂಡು ಬರ್ತೀರಾ?"

ರಜೆ ಸಿಕ್ಕಿದ ಕೂಡಲೇ ಬಸ್ಸು ಹತ್ತಿ ಅವಳ ಊರಿಗೆ ಹೋದೆ. ಗಂಡನ ಮನೆಯವರು ಬಾಗಿಲು ತೆರೆಯಲಿಲ್ಲ. ಪಕ್ಕದ ತೋಟದ ಅಜ್ಜಿಯೊಬ್ಬಳು ಕಾಲುವೆಯ ದಂಡೆಯಲ್ಲಿ ಒಂದು ಹುಣಸೆಮರದ ಬುಡ ತೋರಿಸಿದಳು. ವಾಪಸು ಬರುವಷ್ಟರಲ್ಲಿ ಅವಳನ್ನು ದೂರದ ಜೈಲಿಗೆ ಸಾಗಿಸಿದ್ದರು. ಅಲ್ಲಿಯ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಡಾಕ್ಟರಿಗೆ ಕನ್ನಡ ಬಾರದು, ಅವಳಿಗೆ ತಮಿಳಿನಲ್ಲೇ ತಿಳಿಸಿದರಂತೆ. ಯಾವ ಮರ ಎಂದು ಮಾತ್ರ ಅವಳು ಎರಡು ಸಲ ಕೇಳಿದಳಂತೆ.