ಬಾದಾಮಿ ಮರದ ಕೆಳಗೆ ಇಂದ್ರಾಬಾಯಿಯ ಹಪ್ಪಳ

ಮುಂಬೈಯ ಮುಲುಂಡ್‌ನ ಆ ಹೌಸಿಂಗ್ ಸೊಸೈಟಿಯಲ್ಲಿ ಇಂದ್ರಾಬಾಯಿಗೆ ಹೆದರದವರಿಲ್ಲ, ಅವಳ ಹಪ್ಪಳ ಬೇಡವೆನ್ನುವವರೂ ಇಲ್ಲ. ಧಾರವಾಡದಿಂದ ಸೊಸೆಯಾಗಿ ಬಂದ ವರ್ಷವೇ ಕಾಂಪೌಂಡಿನ ಬಾದಾಮಿ ಮರದ ಕೆಳಗೆ ಚಾಪೆ ಹಾಸಿ ಲಟ್ಟಣಿಗೆ ಹಿಡಿದವಳು. ಉದ್ದಿನ ಹಪ್ಪಳ ನೆರಳಲ್ಲೇ ಆರಬೇಕು.

ಈಗ ಆ ಮರ ಕಡಿದು ಕಾರು ನಿಲ್ಲಿಸುವುದೆಂದು ಸೊಸೈಟಿ ತೀರ್ಮಾನಿಸಿತ್ತು. ಸೆಕ್ರೆಟರಿ ಬೇರೆ ಯಾರೂ ಅಲ್ಲ, ಅವಳ ಮೈದುನ ಸೋಮನಾಥ. ಇಂದ್ರಾಬಾಯಿಗೆ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ ಮಾರ್ಚಿನಲ್ಲೇ ಬಿಸಿಲು ಕೆಂಡವಾಗಿ, ಸ್ಟೇಷನ್‌ನಿಂದ ನಡೆದು ಬಂದ ಗಂಡ ಧರ್ಮಣ್ಣ ಕಣ್ಣು ಕತ್ತಲೆ ಬಂದು ಬಿದ್ದದ್ದು ಇದೇ ಮರದ ಬುಡದಲ್ಲಿ. ನೆರಳಿತ್ತು, ಉಳಿದ.

ಕಡಿಯುವವರು ಬರುವ ದಿನ ಅವಳು ಬೆಳಿಗ್ಗೆಯೇ ದೊಡ್ಡ ಪರಾತದ ತುಂಬ ಹಿಟ್ಟು ಕಲಸಿ, ಕುಟ್ಟಿ, ಬಿಲ್ಡಿಂಗಿನ ಹೆಂಗಸರನ್ನೆಲ್ಲ ಕರೆದಳು. ಕುಟ್ಟಿದ ಹಿಟ್ಟು ಮುಗಿಯುವ ತನಕ ಹಪ್ಪಳಕ್ಕೆ ಕೂತವರನ್ನು ಯಾರೂ ಎಬ್ಬಿಸುವಂತಿಲ್ಲ. ಅದು ಅತ್ತೆಯ ಕಾಲದಿಂದ ಬಂದ ರೀತಿ, ಸೋಮನಾಥನಿಗೂ ಗೊತ್ತು.

ಗರಗಸದವರನ್ನು ಕರೆತಂದ ಸೋಮನಾಥ ಸೊಂಟದ ಮೇಲೆ ಕೈಯಿಟ್ಟು ನಿಂತ.

"ವೈನಿ, ಏಳ್ರಿ. ಬಿಸಲು ಮೊದಲೂ ಇತ್ತು. ಹವಾಮಾನ ಕೆಟ್ಟೈತಿ ಅನ್ನೂದೆಲ್ಲಾ ಟಿವಿಯವರ ಗದ್ದಲ. ಜನವರಿಯಾಗ ನೀವ ಸ್ವೆಟರ್ ಹಾಕ್ಕೊಂಡಿದ್ರಿ."

"ಮುಂಜಾನೆ ಜ್ವರ ಇಳೀತಂದ್ರ ಜಡ್ಡ ಹೋತು ಅಂತೀಯೇನು? ಒಲಿ ಮೊದಲೂ ಬಿಸಿ ಇತ್ತು, ಖರೆ. ಈಗ ಅದರಾಗ ಕಟಗಿ ತುರಕಾಕ ಹತ್ತಿದವರು ನಾವು."

"ಒಂದು ಮರದಿಂದ ಏನಾಗ್ತೈತ್ರಿ? ಚೀನಾ, ಅಮೆರಿಕಾದವರು ಬಿಡೂ ಹೊಗಿ ನಿಲ್ತೈತೇನು?"

"ಮ್ಯಾಲಿನ ಮನಿಯವರು ನೀರು ಪೋಲು ಮಾಡ್ತಾರಂತ ನಾ ನನ್ನ ನಳಾ ತೆರದಿಡ್ಲೇನು?"

ಹೆಂಗಸರು ಕಿಸಕ್ಕನೆ ನಕ್ಕರು. ಸೋಮನಾಥ ಬೆವರು ಒರೆಸಿಕೊಳ್ಳುತ್ತ ಇನ್ನೂ ಒಂದು ಹೆಜ್ಜೆ ನೆರಳಿಗೆ ಸರಿದ. ಇಂದ್ರಾಬಾಯಿ ಲಟ್ಟಣಿಗೆ ಎತ್ತಿ ತಡೆದಳು.

"ಮರ ಬ್ಯಾಡ ಅನ್ನಾಂವ ಮರದ ನೆಳ್ಳಾಗ ನಿಂತು ಮಾತಾಡಬಾರದು. ಆ ಕಡೆ ಬಿಸಲಾಗ ನಿಂತು ಹೇಳು, ಕೇಳ್ತೀನಿ."

ಅವನೂ ಅದೇ ಮನೆಯ ಹಟಮಾರಿ. ಗೇಟಿನ ಹತ್ತಿರ ಬಟಾಬಯಲಲ್ಲಿ ಹೋಗಿ ನಿಂತ. ಮೊದಲು ಕರ್ಚೀಫು ತಲೆಗೇರಿತು, ಆಮೇಲೆ ಮಾತು ನಿಂತಿತು. ಇತ್ತ ಗರಗಸದವರು ಚಾಪೆಯ ಅಂಚಿಗೆ ಕೂತು, ಇಂದ್ರಾಬಾಯಿ ಎಣ್ಣೆ ಹಚ್ಚಿ ಕೊಟ್ಟ ಹಸಿ ಹಿಟ್ಟಿನ ಉಂಡೆ ತಿನ್ನುತ್ತಿದ್ದರು. ಏಳುವ ಲಕ್ಷಣ ಅವರಿಗೂ ಇರಲಿಲ್ಲ.

ಕೊನೆಗೆ ಸೋಮನಾಥ ಅಲ್ಲಿಂದಲೇ ಕೂಗಿದ. "ಇವತ್ತು ಇರ್ಲಿ. ನಾಳೆ ಮತ್ತ ಕರಕೊಂಡು ಬರ್ತೀನಿ."

ಇಂದ್ರಾಬಾಯಿ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಕೂತ ನೆರೆಮನೆಯ ಶಿವಕುಮಾರಿಗೆ, ಗೇಟಿನ ತನಕ ಕೇಳುವಷ್ಟು ಜೋರಾಗಿ ಹೇಳಿದಳು.

"ನಾಳಿನ ಹಿಟ್ಟು ನಿಮ್ಮ ಮನ್ಯಾಗ ಕುಟ್ರಿ. ನಾಡದ್ದಿಂದು ನಾ ಕುಟ್ತೀನಿ."