ಬಿಲ ನುಂಗಿದ ಟೊಪ್ಪಿ

ತೊರೆಯ ದಡದಲ್ಲಿ ಪುರಸಭೆಯವರ ಮುಂದೆ ನಿಂತು, "ಈ ತೊರೆಗೂ ಕೆಳಗಿನ ಗಿರಣಿಗೂ ಸಂಬಂಧವೇ ಇಲ್ಲ" ಎಂದು ನಾನು ಗಂಭೀರವಾಗಿ ಹೇಳುತ್ತಿದ್ದಾಗಲೇ ಗಾಳಿ ಬೀಸಿ ನನ್ನ ಹೊಸ ಟೊಪ್ಪಿ ನೀರಿಗೆ ಬಿತ್ತು. ತೊರೆ ಅದನ್ನು ಎರಡು ಸುತ್ತು ತಿರುಗಿಸಿ, ಬಂಡೆಯ ಬುಡದ ಬಿಲದೊಳಗೆ ಎಳೆದುಕೊಂಡಿತು. ಅಧ್ಯಕ್ಷ ಶೆಮ್ಸೊ ನನ್ನ ಬೋಳುತಲೆ ನೋಡಿ, "ಮೇಷ್ಟ್ರ ಭೂಗೋಳ ಈಗ ಪೂರ್ತಿ ಕಾಣ್ತಿದೆ" ಎಂದ.

ನಮ್ಮೂರು ಲೆದೆನಿಕ್‌ನ ಮೇಲಿನ ಬಯಲಲ್ಲಿ ಹರಿಯುವ ಈ ತೊರೆ ಸುಣ್ಣಕಲ್ಲಿನ ಬೆಟ್ಟದೊಳಗೆ ಇಳಿದು ಮಾಯವಾಗುತ್ತದೆ. ಬೆಟ್ಟದ ಈಚೆ, ಊರಿನ ನೆತ್ತಿಯಲ್ಲಿ, ಒಂದು ಬುಗ್ಗೆ ಉಕ್ಕುತ್ತದೆ. ಅದರ ಬಾಯಲ್ಲೇ ಊರವರೆಲ್ಲ ಚಿಕ್ಕಮ್ಮ ಎನ್ನುವ ಹಸ್ನಿಯಾಳ ನೀರಿನ ಗಿರಣಿ. ಎರಡೂ ಒಂದೇ ನೀರು ಎಂದು ಆಕೆ ನಲವತ್ತು ವರ್ಷದಿಂದ ಹೇಳುತ್ತಿದ್ದಳು. ಅಲ್ಲ, ಬುಗ್ಗೆಯದು ಬೆಟ್ಟದಲ್ಲಿ ಇಂಗಿದ ಹಿಮದ ನೀರು ಎಂದು ನಾನು 'ಲೆದೆನಿಕ್: ಭೂಗೋಳ ಮತ್ತು ಆರಂಭದ ಇತಿಹಾಸ' ಎಂಬ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದೆ. ಅದನ್ನು ನಂಬಿ ಪುರಸಭೆ ಬಿಲಕ್ಕೆ ಕಾಂಕ್ರೀಟು ತುಂಬಿ, ಮೇಲೆ ಕೆರೆ ಮಾಡಿ ದೋಣಿ ಬಿಡಲು ಹೊರಟಿತ್ತು.

ಅದೇ ಪುಸ್ತಿಕೆಯಲ್ಲಿ ಸರಿಯಾದ ಮಾತೂ ಒಂದಿದೆ. ತುರ್ಕರ ಕಾಲದ ದಫ್ತರದಲ್ಲಿ ಮೊದಲು ಬರೆದದ್ದು 'ಒಂದು ಗಿರಣಿ'. ಆಮೇಲೆ 'ಹನ್ನೊಂದು ಮನೆ'. ಊರಿಗೆ ಗಿರಣಿ ಬಂದದ್ದಲ್ಲ, ಗಿರಣಿಗೆ ಊರು ಬಂದದ್ದು. ಹಸ್ನಿಯಾ ಹುಟ್ಟಿದ್ದು ಅಲ್ಲೇ. ಮದುವೆಯಾದಾಗ ಗಂಡನ ಮನೆಗೆ ಹೋಗದೆ ಗಂಡನನ್ನೇ ಗಿರಣಿಗೆ ಕರೆತಂದಳು. ಆತ ತೀರಿಕೊಂಡ ಮೇಲೆ ಸವೆದ ಬೀಸುಕಲ್ಲಿಗೆ ಉಳಿ ಹೊಡೆದು ಮುಳ್ಳು ಹಾಕುವುದನ್ನೂ ತಾನೇ ಕಲಿತಳು. ಬಾಗಿಲ ಬಳಿ ಕತ್ತಿ ಕೆತ್ತಿದ ಪುರಾತನ ಗೋರಿಗಲ್ಲೊಂದಿದೆ. ಅದರ ಬಗ್ಗೆ ನಾನು ನಾಲ್ಕು ಪುಟ ಬರೆದಿದ್ದೇನೆ. ಆಕೆ ಅದರ ಮೇಲೆ ಕೂತು ಮುಸುಕಿನ ಜೋಳದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುತ್ತಾಳೆ.

"ಬಿಲ ಮುಚ್ಚಿದ್ರೆ ನನ್ನ ಚಕ್ರ ನಿಲ್ತದೆ, ಮೇಷ್ಟ್ರೇ" ಎಂದು ಆಕೆ ಮೊದಲೇ ಹೇಳಿದ್ದಳು.

"ನಿಲ್ಲಲ್ಲ ಚಿಕ್ಕಮ್ಮ, ಪುಸ್ತಕದಲ್ಲಿದೆ."

"ಹಾಗಾದ್ರೆ ತಂದು ಚಕ್ರಕ್ಕೆ ಓದಿ ಹೇಳಿ."

ಟೊಪ್ಪಿ ಹೋದ ಮೂರನೆಯ ದಿನ ಪುರಸಭೆಯ ಸಭೆ. ಇನ್ನೇನು ಎಲ್ಲರೂ ಒಪ್ಪಿಗೆಗೆ ಕೈ ಎತ್ತಬೇಕು, ಅಷ್ಟರಲ್ಲಿ ಹಿಟ್ಟು ಮೆತ್ತಿದ ತಲೆವಸ್ತ್ರದಲ್ಲಿ ಹಸ್ನಿಯಾ ಒಳಗೆ ಬಂದು, ನೀರಿಳಿಯುತ್ತಿದ್ದ ಒಂದು ಮುದ್ದೆಯನ್ನು ಮೇಜಿನ ಮೇಲಿಟ್ಟಳು.

"ಬೆಳಗ್ಗೆ ಚಕ್ರ ನಿಂತಿತ್ತು. ಇಳಿದು ನೋಡಿದ್ರೆ ಇದು ಸಿಕ್ಕಿಕೊಂಡಿದೆ. ಯಾರದಪ್ಪಾ?"

ಶೆಮ್ಸೊ ನನ್ನ ಕಡೆ ತಿರುಗಿದ. ಇಂಥ ಟೊಪ್ಪಿ ಊರಲ್ಲಿ ಬೇಕಾದಷ್ಟಿವೆ ಎನ್ನಬಹುದಿತ್ತು. ಆದರೆ ನಾನು ವಸ್ತು ಕಳೆಯುವುದರಲ್ಲಿ ನಿಸ್ಸೀಮನೆಂದು ನನ್ನ ಹೆಂಡತಿ ಒಳಗಡೆ ಕೆಂಪು ದಾರದಲ್ಲಿ ನನ್ನ ಹೆಸರು ಹೊಲಿದಿದ್ದಳು.

"ನನ್ನದೇ" ಎಂದೆ. "ಪುಸ್ತಿಕೆ ತಪ್ಪು."

ಕಾಂಕ್ರೀಟಿನ ಪರವಾಗಿ ಒಂದು ಕೈಯೂ ಏಳಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ: "ನಲವತ್ತು ವರ್ಷ ಬಾಯಲ್ಲಿ ಹೇಳೋ ಬದಲು, ಬಿಲಕ್ಕೆ ಏನಾದ್ರೂ ಹಾಕಿ ತೋರಿಸಬಾರದಿತ್ತಾ ಚಿಕ್ಕಮ್ಮ?"

"ವರ್ಷಕ್ಕೊಂದು ಚೀಲ ಹೊಟ್ಟು ಹಾಕ್ತಿದ್ದೆ, ಬುಗ್ಗೆಯಲ್ಲಿ ಬರ್ತಿತ್ತು" ಎಂದಳು ಹಸ್ನಿಯಾ. "ಅದರ ಮೇಲೆ ನಿಮ್ಮ ಹೆಸರಿರ್ಲಿಲ್ಲ."