ಹಣ್ಣಾಗದ ಹುಳು, ಸಿಗದ ಸೋಬಾನೆ

ಮೊಮ್ಮಗಳ ಮದುವೆಗೆ ಸೋಬಾನೆ ಹಾಡುವವರನ್ನು ಗೊತ್ತುಮಾಡಲು ಕೂಟಗಲ್ಲಿಗೆ ಹೋಗಿದ್ದೆ. ಜಯಮ್ಮ ಎನ್ನುವಾಕೆ ಬಹಳ ಚೆನ್ನಾಗಿ ಹಾಡುತ್ತಾರೆಂದು ಕೇಳಿದ್ದೆ, ನೋಡಿದ್ದು ಅಂದೇ ಮೊದಲು. ಆಕೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು.

"ಧಾರೆ ದಿನವೇ ನಮ್ ಹುಳ ಮೇವು ಬುಟ್ಟು ಹಣ್ಣಾಗೋದು ಕಣವ್ವಾರೆ. ಎಲ್ಲಾನೂ ಆಯ್ದು ಗೂಡು ಕಟ್ಟಾಕೆ ಚಂದ್ರಿಕೆ ತಟ್ಟೆಗೆ ಬುಡ್ಬೇಕು. ಆದ್ರೂ ಬತ್ತೀನಿ ಬುಡಿ, ಔಸ್ದಿ ಐತೆ," ಎಂದು ಒಂದು ಸೀಸೆ ತೋರಿಸಿದರು. ಸೊಪ್ಪಿನ ಮೇಲೆ ಚಿಮುಕಿಸಿದರೆ ಹುಳುಗಳೆಲ್ಲ ಒಟ್ಟಿಗೆ ಗೂಡು ಕಟ್ಟಲು ತೊಡಗುವ ಹಾರ್ಮೋನು ಅದು. ಅದನ್ನು ಅಂದೇ ಹಾಕಿ, ಮದುವೆಗೆ ಮುಂಚೆ ಕೆಲಸ ಮುಗಿಸಿಕೊಳ್ಳುವುದು ಆಕೆಯ ಯೋಚನೆ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಹಾಡು ಸಿಗುತ್ತಿತ್ತು. ಆದರೆ ಪ್ರಾಣಿಶಾಸ್ತ್ರ ಓದಿದವಳು, ಸುಮ್ಮನಿರುವುದಾಗಲಿಲ್ಲ.

"ಹುಳುವಿನ ಮಿದುಳಿನ ಹಿಂದೆ ಒಂದು ಗ್ರಂಥಿ ಇದೆಯಮ್ಮ. ಅದರ ರಸ ಇರುವವರೆಗೆ ಹುಳು ಮೇಯುತ್ತಲೇ ಇರುತ್ತದೆ. ಅದು ತಗ್ಗಿದ ಮೇಲೆ ಎದೆಯ ಗ್ರಂಥಿ 'ಮೇವು ಸಾಕು, ಗೂಡು ಕಟ್ಟು' ಎನ್ನುತ್ತದೆ. ನಿಮ್ಮ ಸೀಸೆ ಮಾಡುವುದು ಈ ಎರಡನೆಯದರ ಕೆಲಸ. ಮೊದಲು ಕೆಲವು ಹುಳುಗಳು ತಾವಾಗಿಯೇ ಹಣ್ಣಾಗಬೇಕು, ಆಮೇಲೆ ಹಾಕಬೇಕು. ಈಗಲೇ ಹಾಕಿದರೆ ಮೇವು ಸಾಲದೆ ಗೂಡು ತೆಳ್ಳಗಾಗುತ್ತದೆ."

ಜಯಮ್ಮ ಸೀಸೆಯನ್ನು ಮತ್ತೆ ಕಪಾಟಿನಲ್ಲಿಟ್ಟರು. "ಅಂಗಾರೆ ಬೆಳೆ ಬುಟ್ಟು ಬರಾಕಾಗಕಿಲ್ಲ ಕಣವ್ವಾರೆ. ನೀವೇ ಮದ್ವೆನ ಒಸಿ ಮುಂದಕ್ಕಾಕಿ," ಎಂದು ನಕ್ಕರು.

ಧಾರೆಯ ದಿನ ಮೊಬೈಲಿನಿಂದ ಸೋಬಾನೆ ಹಾಕಿಸಿದೆವು. ಮಾಂಗಲ್ಯ ಕಟ್ಟುವ ಹೊತ್ತಿಗೆ ಸರಿಯಾಗಿ ಕೂದಲೆಣ್ಣೆಯ ಜಾಹೀರಾತು ಬಂತು.